‘ನಿದ್ದೆ ಬರಲ್ಲ’ ಅಂತ ಬಂದವರನ್ನು ಏನು ಕೇಳಬೇಕು

ದಾವಣಗೆರೆಯಲ್ಲಿ ಕೌನ್ಸೆಲಿಂಗ್‌ಗೆ ಬಂದು ‘ಮನಸ್ಸು ಸರಿಯಿಲ್ಲ’ ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ನಿದ್ದೆ ಇಲ್ಲ, ತಲೆ ಭಾರ, ಎದೆ ಡವಡವ, ಗ್ಯಾಸ್ಟ್ರಿಕ್, ಹೀಗೆ ದೂರೆಲ್ಲ ಮೈಯದ್ದೇ. ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಅದನ್ನು ನೆಪ ಅಂದುಕೊಳ್ಳಬೇಡಿ, ಮಾತು ಅಲ್ಲಿಂದಲೇ ಶುರುವಾಗಲಿ.

ನಿದ್ದೆಯ ದೂರಾದರೆ ಗಂಟೆ ಹಿಡಿದು ಕೇಳಿ. ಮಲಗಿದ್ದೆಷ್ಟಕ್ಕೆ, ಕಣ್ಣು ಹತ್ತಿದ್ದೆಷ್ಟಕ್ಕೆ, ಎಚ್ಚರಾಗಿದ್ದೆಷ್ಟಕ್ಕೆ? ನಾಳೆಯ ಲೆಕ್ಕ ಹಾಕುತ್ತಾ ಹೊರಳಾಡುವವರಲ್ಲಿ ಹೆಚ್ಚಾಗಿ ಆತಂಕ. ನಸುಕಿನ ಮೂರು–ನಾಲ್ಕಕ್ಕೇ ಎಚ್ಚರವಾಗಿ, ಬೆಳಗ್ಗೆ ಜೀವ ಭಾರವಾಗಿ, ಸಂಜೆಗೆ ಕೊಂಚ ಹಗುರಾದರೆ ಖಿನ್ನತೆಯ ಗುಮಾನಿ ಇರಲಿ. ಕುಡಿದು ಮಲಗಿದವರಿಗೆ ನಿದ್ದೆ ಬೇಗ ಹತ್ತಿ ನಡುರಾತ್ರಿ ಮುರಿಯುತ್ತದೆ. ಸಂಜೆಯ ಚಹಾ ಎಷ್ಟು ಅಂತಲೂ ಕೇಳಿ. ಮಂಡಕ್ಕಿ–ಮೆಣಸಿನಕಾಯಿ ತಿಂದ ಮೇಲೆ ಚಹಾ ಬೇಡ ಅನ್ನುವವರು ಈ ಊರಲ್ಲಿ ಅಪರೂಪ.

ಖಿನ್ನತೆ ಅಳೆಯಲು ಪಿಎಚ್‌ಕ್ಯೂ–9 ಅನ್ನುವ ಪ್ರಶ್ನಾವಳಿ ಇದೆ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಮೇಲಾದರೆ ಮನೋವೈದ್ಯರಿಗೆ ತೋರಿಸಿ. ಫಾರಂ ಕೈಗಿಟ್ಟರೆ ಸೊನ್ನೆ ಸುತ್ತಿಬಿಡುತ್ತಾರೆ, ನೀವೇ ಓದಿ ಕೇಳಿ. ಒಂಬತ್ತನೆಯದು ಸಾವಿನ ಯೋಚನೆಯದು. ಮನೆಯವರು ಪಕ್ಕದಲ್ಲಿದ್ದರೆ ಉತ್ತರ ‘ಇಲ್ಲ’ ಅಂತಲೇ ಬರುತ್ತದೆ, ಅವರನ್ನು ಹೊರಗೆ ಕೂರಿಸಿ. ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ‘ಹೌದು’ ಅಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ವೈದ್ಯರಿಗೆ ತೋರಿಸಿ, ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯಿಂದ ಹೊರಗೆ ಹಾಕಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ರಾತ್ರಿಯೂ ಕರೆ ಮಾಡಬಹುದು.

ಎದೆ ಡವಡವ ಅಂದವರಿಗೆ ಮೊದಲು ಇಸಿಜಿ, ಥೈರಾಯ್ಡ್, ರಕ್ತಹೀನತೆ ನೋಡಿಸಿ. ಅವೆಲ್ಲ ಸರಿಯಿದ್ದು, ದಿಗಿಲು ಹತ್ತು ನಿಮಿಷದೊಳಗೆ ಏರಿ ತಾನೇ ಇಳಿಯುತ್ತಿದ್ದರೆ ಅದು ಪ್ಯಾನಿಕ್ ಇರಬಹುದು.

ಕುಡಿತದ ವಿಷಯಕ್ಕೆ ಬರುವುದು ಕುಡಿಯುವವನಲ್ಲ, ಹೆಂಡತಿ ಅಥವಾ ತಾಯಿ. ಎಷ್ಟೋ ಕಡೆ ದೇವರ ಮೇಲೆ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಿರುತ್ತಾರೆ. ದಿನಾ ಹೆಚ್ಚು ಕುಡಿಯುವವನು ಹಾಗೆ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು–ಮೂರನೇ ದಿನ ಇಲ್ಲದ್ದು ಕಂಡು ಬಡಬಡಿಸಬಹುದು, ಜೀವಕ್ಕೇ ಅಪಾಯ. ಅವನಿಗೆ ಮೊದಲು ಆಸ್ಪತ್ರೆ, ನಮ್ಮ ಮಾತು ಆಮೇಲೆ. ಬಂದ ಹೆಣ್ಣುಮಗಳ ನಿದ್ದೆಯನ್ನೂ ಅವತ್ತೇ ವಿಚಾರಿಸಿ, ಮುಂದಿನ ವಾರ ಅವಳು ಬರದೇ ಇರಬಹುದು.