ಮಲ್ಪೆಯ ಕಲ್ಲಿನ ಕಂಬಗಳು, ಕರಗದೇ ಹರಿಯೋ ಬಂಡೆ

ಜನವರಿ 18, 2026, ಭಾನುವಾರ, ರಾತ್ರಿ, ಮಲ್ಪೆ

ಕಾಲೆಲ್ಲಾ ಉಪ್ಪುಪ್ಪು, ಚಪ್ಪಲಿ ಸಂದಿಯಲ್ಲಿ ಇನ್ನೂ ಚಿಪ್ಪಿನ ಚೂರು ಸಿಗ್ತಾ ಇದೆ. ಮಕ್ಕಳೆಲ್ಲಾ ಊಟ ಮಾಡಿ ರೂಮಿಗೆ ಹೋದ್ರು, ಪಕ್ಕದಲ್ಲಿ ಇಬ್ಬರೋ ಮೂವರೋ ಇನ್ನೂ ಮಾತಾಡ್ತಿರೋದು ಕೇಳ್ತಿದೆ. ಇವತ್ತಿನದನ್ನ ಇವತ್ತೇ ಬರೆದಿಡೋಣ ಅಂತ ಕೂತೆ, ನಾಳೆ ಬಸ್ ಹತ್ತಿದ್ರೆ ಅರ್ಧ ಮರೆತುಹೋಗುತ್ತೆ.

ಬಿಎಸ್ಸಿ ಮೊದಲ ವರ್ಷದ ಜಿಯಾಲಜಿ ಮಕ್ಕಳನ್ನ ಸೇಂಟ್ ಮೇರೀಸ್ ದ್ವೀಪಕ್ಕೆ ಕರ್ಕೊಂಡು ಬಂದಿದ್ದೆ. ಬೆಳಗ್ಗೆ ಮಲ್ಪೆಯಿಂದ ಬೋಟ್ ಹತ್ತಿದ್ವಿ, ಅರ್ಧದಷ್ಟು ಮಕ್ಕಳು ಸಮುದ್ರದ ಮೇಲೆ ಹೋಗಿದ್ದೇ ಇವತ್ತು ಮೊದಲ ಸಲ, ಅವರ ಮುಖ ನೋಡೋದೇ ಒಂದು ಸಂತೋಷ. ಇಳಿದ ತಕ್ಷಣ ಫೋಟೋ, ಸೆಲ್ಫಿ ಎಲ್ಲಾ ಮುಗೀಲಿ ಅಂತ ಹದಿನೈದು ನಿಮಿಷ ಬಿಟ್ಟೆ, ಆಮೇಲೆ ಲಾವಾ ಆರಿ ಆದ ಕಲ್ಲಿನ ಕಂಬಗಳ ಹತ್ರ ಕೂರಿಸಿ ಒಂದೇ ಕೆಲಸ ಕೊಟ್ಟೆ: ನೋಟ್‌ಬುಕ್ಕಲ್ಲಿ ಭೂಮಿನ ಅಡ್ಡಕ್ಕೆ ಕತ್ತರಿಸಿದ ಹಾಗೆ ಚಿತ್ರ ಬರೀರಿ, ಈ ಲಾವಾ ಎಲ್ಲಿಂದ ಬಂತು ಅಂತ ಬಾಣ ಹಾಕಿ ತೋರಿಸಿ.

ಇಪ್ಪತ್ತಮೂರು ಮಕ್ಕಳಲ್ಲಿ ಇಪ್ಪತ್ತೊಂದು ಜನ ಒಂದೇ ಚಿತ್ರ ಬರೆದ್ರು. ಮೇಲೆ ತೆಳ್ಳಗೆ ಸಿಪ್ಪೆ, ಅದರ ಕೆಳಗೆ ಪೂರ್ತಿ ಬೆಂಕಿ ಸಮುದ್ರ, ಸಿಪ್ಪೆ ಎಲ್ಲಿ ಬಿರುಕು ಬಿಟ್ಟಿತೋ ಅಲ್ಲಿಂದ ಲಾವಾ ಚಿಮ್ಮುತ್ತೆ. ನಾನು ಓದಿದ ಹೈಸ್ಕೂಲಲ್ಲೂ ಬೋರ್ಡ್ ಮೇಲೆ ಹೀಗೇ ಬರೆದು ಕೆಂಪು ಸೀಮೆಸುಣ್ಣ ತುಂಬಿ "ಇದೆಲ್ಲಾ ಲಾವಾ" ಅಂತ ಹೇಳಿಕೊಟ್ಟಿದ್ರು, ನಾನು ಡಿಗ್ರಿ ಎರಡನೇ ವರ್ಷದವರೆಗೂ ಅದನ್ನೇ ನಂಬಿಕೊಂಡಿದ್ದೆ. ಅದಕ್ಕೇ ಈ ಒಂದು ತಪ್ಪನ್ನ ಮೊದಲ ವರ್ಷದಲ್ಲೇ ಬಿಡಿಸ್ಬೇಕು ಅಂತ ನಂಗೆ ಹಠ. ಇದೊಂದು ಸರಿಹೋದ್ರೆ ಪ್ಲೇಟ್ ಟೆಕ್ಟಾನಿಕ್ಸ್, ಅಂದ್ರೆ ಭೂಮಿಯ ಹೊರಚಿಪ್ಪು ಪ್ಲೇಟ್ ಅನ್ನೋ ದೊಡ್ಡ ದೊಡ್ಡ ತುಂಡುಗಳಾಗಿ ಸರಿಯೋ ವಿಷಯ, ಮುಕ್ಕಾಲು ಪಾಲು ತಾನಾಗೇ ಅರ್ಥ ಆಗುತ್ತೆ.

ನಮ್ಮ ಕಾಲ ಕೆಳಗೆ ಬೆಂಕಿ ಸಮುದ್ರ ಇಲ್ಲ. ಖಂಡದ ಹೊರಪದರ 35-40 ಕಿ.ಮೀ. ದಪ್ಪ ಅಂದ್ಕೊಳ್ಳಿ, ಅದರ ಕೆಳಗಿರೋ ಮ್ಯಾಂಟಲ್ ಸುಮಾರು 2,900 ಕಿ.ಮೀ. ಆಳದವರೆಗೂ ಹೋಗುತ್ತೆ, ಮತ್ತದು ಹೆಚ್ಚುಕಡಿಮೆ ಪೂರ್ತಿ ಗಟ್ಟಿ ಬಂಡೆ. ಹೇಗೆ ಗೊತ್ತು ಅಂದ್ರೆ ಭೂಕಂಪ ಆದಾಗ ಹೊರಡೋ ಎಸ್ ಅಲೆ ಅನ್ನೋ ಒಂದು ಬಗೆ ಅಲೆ ದ್ರವದೊಳಗೆ ಹೋಗೋದೇ ಇಲ್ಲ, ಆದ್ರೆ ಮ್ಯಾಂಟಲ್ ಒಳಗೆ ಸಲೀಸಾಗಿ ಹಾದು ಹೋಗುತ್ತೆ, ಅದರ ಕೆಳಗೆ ದ್ರವವಾಗಿರೋ ಹೊರ ತಿರುಳು ಬಂದ ತಕ್ಷಣ ನಿಂತುಬಿಡುತ್ತೆ. ಆದ್ರೆ ಈ ಗಟ್ಟಿ ಬಂಡೆ ಬಿಸಿಗೆ, ಒತ್ತಡಕ್ಕೆ, ಲಕ್ಷಾಂತರ ವರ್ಷ ಹಿಡಿದು ನಿಧಾನಕ್ಕೆ ಹರಿಯುತ್ತೆ, ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಕರಗದೇ ಹರಿಯುತ್ತೆ! ಇದನ್ನ ಹೇಳಿದಾಗ ಪ್ರತಿ ವರ್ಷ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತೆ, ಇವತ್ತೂ ಹಾಗೇ ಆಯ್ತು.

ಆಗ ವಿಜಯಪುರ ಕಡೆ ಹುಡುಗಿ ಒಬ್ಬಳು ಕೇಳಿದಳು, "ಮತ್ತ ಗಟ್ಟಿ ಅದ ಅಂತೀರಿ ಮೇಡಂ, ಹಂಗಾದ್ರ ಈ ಲಾವಾ ಎಲ್ಲಿಂದ ಬಂತ್ರಿ?" ನಂಗೆ ಬೇಕಿದ್ದ ಪ್ರಶ್ನೆ ಅದೇ.

ಕುಕ್ಕರ್ ಉದಾಹರಣೆ ಕೊಟ್ಟೆ. ಕುಕ್ಕರ್ ಒಳಗೆ ನೀರು 100 ಡಿಗ್ರಿ ದಾಟಿದ್ರೂ ನೀರಾಗೇ ಇರುತ್ತೆ, ಯಾಕಂದ್ರೆ ಒತ್ತಡ ಅದನ್ನ ಕುದಿಯೋಕೆ ಬಿಡಲ್ಲ, ಒತ್ತಡ ದಿಢೀರ್ ಅಂತ ಇಳಿದ್ರೆ ಉರಿ ಒಂಚೂರೂ ಜಾಸ್ತಿ ಮಾಡದೇನೇ ಕೊತಕೊತ ಕುದ್ದು ಉಕ್ಕುತ್ತೆ. ಮ್ಯಾಂಟಲ್ ಬಂಡೆನೂ ಹಾಗೇ, ಆಳದಲ್ಲಿ ಸಾವಿರದ ಮುನ್ನೂರು ಡಿಗ್ರಿ ದಾಟಿದ್ರೂ ಗಟ್ಟಿಯಾಗೇ ಇರುತ್ತೆ, ಅದೇ ಬಂಡೆ ಬಿಸಿ ಕಳ್ಕೊಳ್ಳದೇ ಮೇಲಕ್ಕೆ ಬಂದ್ರೆ ಮೇಲಿನ ಭಾರ ಕಮ್ಮಿ ಆಗಿ ಸ್ವಲ್ಪ ಭಾಗ ಕರಗುತ್ತೆ. ಪ್ಲೇಟುಗಳು ದೂರ ಸರಿಯೋ ಕಡೆ ಹೀಗೇ ಆಗೋದು, ಉದಾಹರಣೆಗೆ ಭಾರತ ಮತ್ತು ಆಫ್ರಿಕಾ ಮಧ್ಯೆ ಸಮುದ್ರದ ತಳದಲ್ಲಿರೋ ಕಾರ್ಲ್ಸ್‌ಬರ್ಗ್ ದಿಬ್ಬದಲ್ಲಿ. ಹಾಟ್‌ಸ್ಪಾಟಲ್ಲೂ ಅಷ್ಟೇ, ಆಳದಿಂದ ಬಿಸಿ ಬಂಡೆ ಕಂಬದ ಹಾಗೆ ಏರಿ ಬಂದು ಪ್ಲೇಟಿನ ಅಡಿಯಲ್ಲಿ ಕರಗುತ್ತೆ.

ಇನ್ನೊಂದು ದಾರಿ ನೀರು. ಒಂದು ಪ್ಲೇಟ್ ಇನ್ನೊಂದರ ಕೆಳಗೆ ನುಸುಳಿದಾಗ ಸಮುದ್ರ ತಳದ ಖನಿಜಗಳ ಒಳಗೆ ಸೇರ್ಕೊಂಡಿದ್ದ ನೀರು ಆಳದಲ್ಲಿ ಬಿಡುಗಡೆ ಆಗಿ ಮೇಲಿನ ಮ್ಯಾಂಟಲ್‌ಗೆ ಹೋಗುತ್ತೆ, ನೀರು ತಾಗಿದ ಬಂಡೆ ನೂರಾರು ಡಿಗ್ರಿ ಕಮ್ಮಿ ಬಿಸಿಗೇ ಕರಗುತ್ತೆ. ನಮ್ಮ ದೇಶದಲ್ಲಿ ಇದಕ್ಕೆ ಅಂಡಮಾನ್ ಉದಾಹರಣೆ ಇದೆ, ಬ್ಯಾರನ್ ದ್ವೀಪ. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಉಗುಳೋಕೆ ಶುರು ಮಾಡಿದ ಜ್ವಾಲಾಮುಖಿ. 2004ರ ಡಿಸೆಂಬರ್ 26ರ ಸುನಾಮಿ ತಂದ ಭೂಕಂಪ ಆಗಿದ್ದೂ ಇದೇ ನುಸುಳುವಿಕೆಯಿಂದ ಅಂದಾಗ ಮಕ್ಕಳು ತಲೆ ಎತ್ತಿ ಸಮುದ್ರದ ಕಡೆ ನೋಡಿದ್ರು, ಅದು ಆಚೆ ಕರಾವಳಿಯ ಮಾತು, ಆದ್ರೂ ನೋಡಿದ್ರು.

ಮಲ್ಪೆಯ ಕಂಬಗಳಿಗೆ ಬರ್ತೀನಿ. ಒಂದೊಂದು ಕಂಬ ಐದು, ಆರು, ಏಳು ಮುಖ, ಕೆಲವು ಆರು ಮೀಟರ್ ತನಕ ಎತ್ತರ, ಯಾರೋ ಕೂತು ಉಳಿಯಲ್ಲಿ ಕೆತ್ತಿ ಸಾಲಾಗಿ ಜೋಡಿಸಿಟ್ಟ ಹಾಗೆ. ಒಣಗಿದ ಕೆರೆ ಅಂಗಳ ನೋಡಿದೀರಲ್ಲ, ಮಣ್ಣು ಒಣಗ್ತಾ ಕುಗ್ಗಿ ಬಿಲ್ಲೆ ಬಿಲ್ಲೆಯಾಗಿ ಒಡೆಯುತ್ತಲ್ಲ, ಇಲ್ಲಿ ಲಾವಾ ಆರ್ತಾ ಕುಗ್ಗಿ ಹಾಗೇ ಒಡೆದಿದೆ, ತಣ್ಣಗಾಗೋದು ಮೇಲಿಂದ ಕೆಳಕ್ಕೆ ಇಳೀತಾ ಹೋದ ಹಾಗೆ ಬಿರುಕೂ ಇಳೀತಾ ಹೋಗಿ ಕಂಬ ಆಯ್ತು. ಒಂದು ಕಂಬದ ತಲೆ ಮೇಲೆ ಅಂಗೈ ಇಟ್ಟೆ, ಬಿಸಿಲಿಗೆ ಕಾದು ಚುರ್ ಅಂತು. ಅದರ ಪಕ್ಕದ್ದರ ಬುಡದಲ್ಲಿ ಅಲೆ ತಾಗೋ ಕಡೆ ಚಿಪ್ಪುಗಳು ಒತ್ತೊತ್ತಾಗಿ ಕಚ್ಕೊಂಡಿವೆ. ಲೆನ್ಸ್ ಹಿಡಿದ್ರೆ ನುಣ್ಣನೆ ಕಲ್ಲಿನ ಮಧ್ಯೆ ಅಲ್ಲಲ್ಲಿ ಫೆಲ್ಡ್‌ಸ್ಪಾರ್ ಅನ್ನೋ ಖನಿಜದ ಹರಳು ಮಿಂಚುತ್ತೆ, ಲಾವಾ ಮೇಲೆ ಬರೋಕೆ ಮುಂಚೇನೇ ಆಳದಲ್ಲಿ ನಿಧಾನಕ್ಕೆ ಬೆಳೆದಿದ್ದ ಹರಳು ಅವು.

ತುಂಬಾ ಕಡೆ ಇದನ್ನ ಬಸಾಲ್ಟ್ (ಲಾವಾ ಆರಿ ಆಗೋ ಕರಿಕಲ್ಲು) ಅಂತಲೇ ಬರೀತಾರೆ, ಆದ್ರೆ ರಾಸಾಯನಿಕವಾಗಿ ಪರೀಕ್ಷೆ ಮಾಡಿದೋರು ಇದು ರಯೋಲೈಟ್ ಅನ್ನೋ ಇನ್ನೊಂದು ಲಾವಾ ಕಲ್ಲಿನ ಜಾತಿಗೆ ಹತ್ತಿರ ಅಂತಾರೆ, ಅದರಲ್ಲಿ ಸಿಲಿಕಾ (ಮರಳಲ್ಲಿ ಇರೋ ಅಂಶ) ಜಾಸ್ತಿ. ಬಸಾಲ್ಟಲ್ಲಿ ಸಿಲಿಕಾ 50 ಪರ್ಸೆಂಟ್ ಸುತ್ತಮುತ್ತ, ರಯೋಲೈಟಲ್ಲಿ 70ರ ಹತ್ರ. ಮಕ್ಕಳಿಗೆ ಬೆಲ್ಲದ ಪಾಕ ಅಂದೆ, ಬಸಾಲ್ಟ್ ಲಾವಾ ಎಳೆ ಪಾಕ, ಸುರಿದ್ರೆ ಮೈಲಿಗಟ್ಟಲೆ ಹರಿಯುತ್ತೆ, ರಯೋಲೈಟ್ ಉಂಡೆ ಪಾಕ, ಸೌಟಿಗೇ ಅಂಟ್ಕೊಳ್ಳುತ್ತೆ, ಒಳಗಿನ ಗ್ಯಾಸು ಹೊರಗೆ ಬರೋಕೆ ದಾರಿ ಸಿಗದಿದ್ರೆ ಸಿಡಿಯುತ್ತೆ.

ಈ ಲಾವಾಗೆ ಹೆಚ್ಚುಕಡಿಮೆ 9 ಕೋಟಿ ವರ್ಷ. ಆಗ ಮಲ್ಪೆ ಮುಂದೆ ಈ ಸಮುದ್ರ ಇರ್ಲಿಲ್ಲ, ಪಕ್ಕದಲ್ಲೇ ಮಡಗಾಸ್ಕರ್ ಅಂಟ್ಕೊಂಡಿತ್ತು, ಎರಡೂ ಸೀಳಿ ದೂರ ಆಗ್ತಿದ್ದ ಹೊತ್ತಲ್ಲಿ ಬಂದ ಲಾವಾ ಇದು. ಆಚೆ ಮಡಗಾಸ್ಕರಲ್ಲೂ ಹೆಚ್ಚುಕಮ್ಮಿ ಅದೇ ವಯಸ್ಸಿನ ಲಾವಾ ಇದೆ, ಅಲ್ಲಿನ ಈಶಾನ್ಯ ಮೂಲೆಯ ಅಂಟೊಂಗಿಲ್ ಕಡೆಯ ಹಳೇ ನೈಸ್ ಅನ್ನೋ ಪಟ್ಟೆ ಪಟ್ಟೆ ಕಲ್ಲು ನಮ್ಮ ಧಾರವಾಡ ಕ್ರೇಟಾನಿನ (ಖಂಡದ ತುಂಬಾ ಹಳೇ, ಗಟ್ಟಿ ಭಾಗ) ಕಲ್ಲಿಗೆ ಹೊಂದುತ್ತೆ. 1912ರಲ್ಲಿ ಜರ್ಮನಿಯ ವಿಜ್ಞಾನಿ ವೆಗೆನರ್ ಖಂಡಗಳು ಸರಿದಿವೆ ಅಂದಾಗ ಇಂಥ ಹೊಂದಾಣಿಕೆಗಳನ್ನೇ ತೋರಿಸಿದ್ದ, ಸರಿಸಿದ್ದು ಯಾವ ಶಕ್ತಿ ಅಂತ ಹೇಳೋಕಾಗ್ಲಿಲ್ಲ ಅಂತ ಹೆಚ್ಚಿನೋರು ಒಪ್ಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರ್ಕೊಂಡ, ಅವನ ಮಾತಿಗೆ ಪುರಾವೆ ಆದ ಸಮುದ್ರ ತಳದ ಕಾಂತೀಯ ಪಟ್ಟಿಗಳ ಅರ್ಥ ಗೊತ್ತಾಗಿದ್ದು 1963ರಲ್ಲಿ. ಇದನ್ನ ಹೇಳುವಾಗ ನಂಗೆ ಪ್ರತಿ ಸಲ ಗಂಟಲು ಕಟ್ಟುತ್ತೆ.

ಈ ಜಾಗನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದಾರೆ, ಆದ್ರೂ ಕಂಬದ ಮೇಲೆ ಹೆಸರು ಕೆರೆದಿದ್ದು ಕಂಡ್ತು. ಸಿಟ್ಟು ಬಂತು. ನಮ್ಮ ಮಕ್ಕಳ ಸುತ್ತಿಗೆಗಳನ್ನೆಲ್ಲಾ ಬಸ್ಸಲ್ಲೇ ಬಿಡಿಸಿದ್ದೆ, ಇಲ್ಲಿಂದ ಒಂದು ಚೂರೂ ತಗೊಂಡು ಹೋಗಬಾರದು.

ವಾಪಸ್ ಬೋಟಲ್ಲಿ ಆ ವಿಜಯಪುರದ ಹುಡುಗಿ ಪಕ್ಕ ಬಂದು ಕೂತು "ನಮ್ಮೂರಾಗೂ ಕರಿಕಲ್ಲ ಐತ್ರಿ ಮೇಡಂ, ಮನಿ ಗ್ವಾಡಿ ಎಲ್ಲಾ ಅದರಾಗ ಕಟ್ಟ್ಯಾರ" ಅಂದಳು. ಅದು ಡೆಕ್ಕನ್ ಟ್ರ್ಯಾಪ್, ಲಾವಾ ಪದರ ಪದರವಾಗಿ ಹರಿದು ಹಾಸಿದ ಬಸಾಲ್ಟ್, 6.6 ಕೋಟಿ ವರ್ಷದ್ದು, ಗೋಳಗುಮ್ಮಟದ್ದೂ ಅದೇ ಕಲ್ಲು, ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಹಾಸ್ಕೊಂಡಿದೆ. ಆಗ ನಮ್ಮ ಪ್ಲೇಟ್ ಈಗ ರಿಯೂನಿಯನ್ ದ್ವೀಪ ಇರೋ ಜಾಗದ ಮೇಲೆ ಹಾದು ಹೋಗ್ತಿತ್ತು, ಈಗ ವರ್ಷಕ್ಕೆ ಸುಮಾರು 5 ಸೆಂ.ಮೀ. ಸರಿಯೋ ಪ್ಲೇಟು ಆಗ ಅದರ ಮೂರು ಪಟ್ಟು ವೇಗದಲ್ಲಿ ಉತ್ತರಕ್ಕೆ ಓಡ್ತಿತ್ತು. ಪ್ಲೇಟ್ ಮುಂದಕ್ಕೆ ಹೋಯ್ತು, ಹಾಟ್‌ಸ್ಪಾಟ್ ಅಲ್ಲೇ ಹಿಂದೆ ಉಳೀತು, ಲಕ್ಷದ್ವೀಪ, ಮಾಲ್ಡೀವ್ಸ್, ಮಾರಿಷಸ್ ಎಲ್ಲಾ ಅದು ಸುಟ್ಟ ಗುರುತಿನ ಸಾಲು, ರಿಯೂನಿಯನಲ್ಲಿ ಈಗಲೂ ಜ್ವಾಲಾಮುಖಿ ಉರೀತಿದೆ. "ಅಂದ್ರ ನಮ್ಮ ಮನಿ ಕಲ್ಲು, ಆ ರಿಯೂನಿಯನ್ ದ್ವೀಪದ ಕಲ್ಲು ಅಣ್ಣತಮ್ಮ ಇದ್ದಂಗೇನ್ರಿ?" ಹೌದು ಕಣಮ್ಮ ಅಂದೆ.

ಊಟದ ಹೊತ್ತಲ್ಲಿ ಅವಳೇ ಮತ್ತೆ, ಹಂಗಾದ್ರ ಹಿಮಾಲಯದಾಗ ಯಾಕ ಜ್ವಾಲಾಮುಖಿ ಇಲ್ರಿ ಅಂತ. ಅಲ್ಲೀಗ ಸಮುದ್ರ ತಳದ ಪ್ಲೇಟ್ ಮುಳುಗ್ತಿಲ್ಲ, ಎರಡು ಖಂಡ ಗುದ್ದಿ ದಪ್ಪ ಆಗಿವೆ, ನೀರು ಆಳಕ್ಕೆ ಹೋಗಲ್ಲ, ಬಂಡೆ ಮೇಲಕ್ಕೂ ಬರಲ್ಲ. ಅರ್ಧ ಹೇಳೋ ಅಷ್ಟರಲ್ಲಿ ಉಳಿದಿದ್ದನ್ನ ಅವಳೇ ಹೇಳಿ ಮುಗಿಸಿದಳು.

ನಾಳೆ ಚಿತ್ರದುರ್ಗ ಹತ್ರ ಮರಡಿಹಳ್ಳಿ, ನೀರೊಳಗೆ ಉಕ್ಕಿ ದಿಂಬಿನ ಹಾಗೆ ಹೆಪ್ಪುಗಟ್ಟಿದ ಲಾವಾ, 200 ಕೋಟಿ ವರ್ಷಕ್ಕೂ ಹಳೇದು. ಬೆಳಗ್ಗೆ ಐದೂವರೆಗೆ ಬಸ್.

ಈಗ ಹತ್ತು ನಿಮಿಷದ ಹಿಂದೆ ಅವಳಿಂದ ವಾಟ್ಸಾಪ್ ಬಂತು, ಅಪ್ಪನ ಹತ್ರ ಟಾರ್ಚ್ ಹಿಡಿಸಿ ಮನೆ ಗೋಡೆ ಫೋಟೋ ತೆಗೆಸಿದಾಳೆ. ಕಪ್ಪು ಕಲ್ಲು, ಕಡ್ಲೆಕಾಳಿನಷ್ಟು ತೂತುಗಳು, ಕೆಲವು ತೂತಿನ ತುಂಬಾ ಬಿಳೀ ಹರಳು. ತೂತು ಗ್ಯಾಸಿನ ಗುಳ್ಳೆ, ಬಿಳಿಯದು ಆಮೇಲೆ ನೀರು ತಂದು ತುಂಬಿದ ಜಿಯೋಲೈಟ್ ಅನ್ನೋ ಖನಿಜ ಇರಬೇಕು ಅಂತ ಬರೆದು ಕಳಿಸಿದೆ. ಅವಳು ಇನ್ನೂ ಟೈಪ್ ಮಾಡ್ತಾ ಇದಾಳೆ.