ಕ್ರಾಗ್‌ಸೈಡ್‌ಗೆ ಹೋದರೆ ಬಂಗಲೆ ಆಮೇಲೆ ನೋಡಿ, ಮೊದಲು ನೀರಿನ ಜೊತೆ ನಡೆಯಿರಿ

ಇಂಗ್ಲೆಂಡಿನ ಹಳೇ ಎಸ್ಟೇಟುಗಳಿಗೆ ಹೋದವರೆಲ್ಲ ಮೊದಲು ಬಂಗಲೆಯ ಬಾಗಿಲಿಗೇ ಹೋಗುತ್ತಾರೆ. ಚಿತ್ರ, ಪಿಂಗಾಣಿ, ಮಂಚ, ಅಡುಗೆಮನೆ ಎಲ್ಲ ನೋಡಿ ಸುಸ್ತಾಗಿ, ಕೊನೆಗೆ ತೋಟದಲ್ಲಿ ಒಂದು ಸುತ್ತು ಹಾಕಿ ಟೀ ಕುಡಿದು ಹೊರಡುತ್ತಾರೆ. ಕ್ರಾಗ್‌ಸೈಡ್‌ನಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಈ ಜಾಗ ಅರ್ಥವಾಗುವುದು ಹೊರಗೆ, ಕಾಡಿನಲ್ಲಿ, ಹಳ್ಳದ ಪಕ್ಕದಲ್ಲಿ.

ನ್ಯೂಕಾಸಲ್‌ನಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ರಾತ್‌ಬರಿ ಅಂತ ಒಂದು ಪುಟ್ಟ ಊರಿದೆ. ಅದರ ಪಕ್ಕದ ಗುಡ್ಡದ ಮೇಲಿರುವುದು ಕ್ರಾಗ್‌ಸೈಡ್. ಊರಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಜೂನ್‌ನಲ್ಲಿ ಹೋಗಿದ್ದೆ. ಒಳಗೆ ಗುಡ್ಡ ಸುತ್ತುವ ಹತ್ತು ಕಿಲೋಮೀಟರಿನಷ್ಟು ಉದ್ದದ ಗಾಡಿ ರಸ್ತೆಯಿದೆ, ಕಾರಿನಲ್ಲೇ ಹೋಗಬಹುದು, ಬೇಕಾದ ಕಡೆ ನಿಲ್ಲಿಸಿ ಇಳಿಯಬಹುದು. ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಇದು ದೊಡ್ಡ ಅನುಕೂಲ. ರಸ್ತೆಯ ಎರಡೂ ಕಡೆ ರೋಡೊಡೆಂಡ್ರಾನ್ ಹೂ ಬಿಟ್ಟಿತ್ತು, ಆಳೆತ್ತರಕ್ಕೂ ಮೇಲೆ, ನೇರಳೆ, ಗುಲಾಬಿ, ಬಿಳಿ. ಅದರ ಹಿಂದೆ ಕತ್ತೆತ್ತಿ ನೋಡಬೇಕಾದಂಥ ಡಗ್ಲಸ್ ಫರ್ ಮರಗಳು.

ಇದೆಲ್ಲ ಮೊದಲಿಂದ ಇದ್ದ ಕಾಡಲ್ಲ, ಒಬ್ಬ ಮನುಷ್ಯ ನೆಡಿಸಿದ್ದು ಅಂತ ಹೇಳಿದಾಗ ಅಮ್ಮ ನಂಬಲಿಲ್ಲ. "ಇಷ್ಟನ್ನೂವಾ? ನೀರು ಹುಯ್ದೋರು ಯಾರು?" ಅಂದರು. ಸರಿಯಾದ ಪ್ರಶ್ನೆ.

ಆ ಮನುಷ್ಯ ವಿಲಿಯಂ ಆರ್ಮ್‌ಸ್ಟ್ರಾಂಗ್. 1810ರಲ್ಲಿ ನ್ಯೂಕಾಸಲ್‌ನಲ್ಲಿ ಹುಟ್ಟಿದವನು. ಓದಿದ್ದು ಕಾನೂನು, ಮಾಡುತ್ತಿದ್ದ ಕೆಲಸ ವಕೀಲಿ, ಆದರೆ ಮನಸ್ಸೆಲ್ಲ ನೀರಿನ ಮೇಲೆ. 1835ರಲ್ಲಿ ಯಾರ್ಕ್‌ಷೈರ್ ಕಡೆ ಮೀನು ಹಿಡಿಯಲು ಹೋದಾಗ ಒಂದು ನೀರಿನ ಚಕ್ರ ತಿರುಗುವುದನ್ನು ನೋಡಿದನಂತೆ. ನೀರಿನಲ್ಲಿರುವ ಶಕ್ತಿಯಲ್ಲಿ ಎಷ್ಟೊಂದು ಸುಮ್ನೆ ಹರಿದು ಹೋಗುತ್ತಿದೆಯಲ್ಲ ಅನ್ನಿಸಿತು. ಆಮೇಲೆ ನೀರಿನ ಒತ್ತಡದಿಂದ ಭಾರ ಎತ್ತುವ ಕ್ರೇನ್ ಮಾಡಿದ, ನ್ಯೂಕಾಸಲ್‌ನ ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ಕಟ್ಟಿದ, ತುಂಬಾ ದೊಡ್ಡ ಶ್ರೀಮಂತನಾದ. 1863ರಲ್ಲಿ ಈ ಗುಡ್ಡಕ್ಕೆ ಬಂದಾಗ ಇಲ್ಲಿದ್ದದ್ದು ಬಂಡೆ, ಹುಲ್ಲು, ಕುರುಚಲು ಗಿಡ ಅಷ್ಟೆ. ಮೊದಲು ಕಟ್ಟಿಸಿದ್ದು ಚಿಕ್ಕ ಮನೆ. ಆಮೇಲೆ ನಾರ್ಮನ್ ಶಾ ಅನ್ನುವ ವಾಸ್ತುಶಿಲ್ಪಿ ಅದನ್ನು ವರ್ಷಗಟ್ಟಲೆ ಬೆಳೆಸುತ್ತಾ ಹೋದ. ಮರಗಿಡಗಳ ಲೆಕ್ಕ 70 ಲಕ್ಷ ದಾಟುತ್ತದೆ ಅಂತ ಹೇಳುತ್ತಾರೆ. ಮನೆಯ ಕೆಳಗಿನ ಇಳಿಜಾರಿನಲ್ಲಿ ಇಡೀ ಯೂರೋಪಿನ ದೊಡ್ಡ ಬಂಡೆ ತೋಟಗಳಲ್ಲೊಂದು ಇದೆ. ಅಲ್ಲಿಯ ಎಷ್ಟೋ ಬಂಡೆಗಳನ್ನು ಕೂಲಿಯವರು ಒಂದೊಂದಾಗಿ ತಂದು ಕೂರಿಸಿದ್ದು. ಮನೆಯವರ ಹೆಸರು ಎಲ್ಲ ಕಡೆ ಬರೆದಿದೆ, ಆ ಕೂಲಿಯವರ ಹೆಸರಿಲ್ಲ. ನನಗೆ ಆ ತೋಟದ ಮೆಟ್ಟಿಲು ಇಳಿಯುವಾಗ ಅವರೇ ಜಾಸ್ತಿ ನೆನಪಾದರು.

ನಡಿಗೆ ಶುರು ಮಾಡಬೇಕಾದ್ದು ಅಲ್ಲಿಂದಲೇ. ಬಂಡೆ ತೋಟದಿಂದ ಇಳಿದರೆ ಡೆಬ್ಡನ್ ಅನ್ನುವ ಹಳ್ಳ ಸಿಗುತ್ತದೆ. ಅದರ ಮೇಲೆ ಎತ್ತರದಲ್ಲಿ ತೆಳ್ಳಗೆ ಬಾಗಿದ ಕಬ್ಬಿಣದ ಸೇತುವೆ, ಎಲ್ಸ್‌ವಿಕ್ ಕಾರ್ಖಾನೆಯಲ್ಲೇ ಮಾಡಿದ್ದು. ಮೇಲೆ ನಿಂತು ನೋಡುವುದಕ್ಕಿಂತ ಹಳ್ಳದ ದಂಡೆಯಿಂದ ತಲೆಯೆತ್ತಿ ನೋಡಿದರೆ ಚೆಂದ. ಅಲ್ಲಿಂದ ಹಳ್ಳದ ಜೊತೆಗೇ ಕೆಳಗೆ ನಡೆದರೆ ಬರ್ನ್‌ಫುಟ್ ಪವರ್ ಹೌಸ್.

ಇಲ್ಲಿ ನಡೆದದ್ದು ಇಷ್ಟು. 1878ರಲ್ಲಿ ಎಸ್ಟೇಟಿನ ಕೆರೆಯೊಂದರ ನೀರಿನಿಂದ ಡೈನಮೋ ತಿರುಗಿಸಿ ಮನೆಯ ಚಿತ್ರಶಾಲೆಯಲ್ಲಿ ಆರ್ಕ್ ದೀಪ (ಬಲ್ಬಿಗಿಂತ ಹಳೆಯ, ಎರಡು ಕಡ್ಡಿಗಳ ನಡುವೆ ಕಿಡಿ ಹಾರಿಸಿ ಬೆಳಗುವ ವಿದ್ಯುತ್ ದೀಪ) ಹಚ್ಚಿದರು. ಜಲವಿದ್ಯುತ್ತಿನಿಂದ ಬೆಳಕು ಕಂಡ ಜಗತ್ತಿನ ಮೊದಲ ಮನೆ ಇದು. ಎರಡು ವರ್ಷದ ನಂತರ, ಆರ್ಮ್‌ಸ್ಟ್ರಾಂಗ್‌ನ ಗೆಳೆಯ ಜೋಸೆಫ್ ಸ್ವಾನ್ ಮಾಡಿದ ಬಲ್ಬುಗಳು ಬಂದವು. ಇನ್ನೂ ಜಾಸ್ತಿ ಕರೆಂಟ್ ಬೇಕಾದಾಗ ಗುಡ್ಡದ ಮೇಲೆ ನೆಲ್ಲೀಸ್ ಮಾಸ್ ಕೆರೆಗಳಲ್ಲಿ ನೀರು ನಿಲ್ಲಿಸಿ, ಪೈಪಿನಲ್ಲಿ ನೂರು ಮೀಟರಿನಷ್ಟು ಕೆಳಗೆ ಇಳಿಸಿ, ಬರ್ನ್‌ಫುಟ್‌ನಲ್ಲಿ ಟರ್ಬೈನ್ ತಿರುಗಿಸಿದರು. ಈಗ ಆ ಕೆರೆಗಳ ಸುತ್ತ ಸಮತಟ್ಟಾದ ಕಾಲುದಾರಿ ಇದೆ, ಸುತ್ತಲೂ ಪೈನ್ ಮರಗಳಿವೆ. ಸುಮ್ನೆ ನೋಡಿದರೆ ಅಂದಕ್ಕೆ ಮಾಡಿದ ಕೆರೆ ಅನ್ನಿಸುತ್ತದೆ, ಆದರೆ ಅದು ಕೆಲಸದ ಕೆರೆ. ಈ ತೋಟದಲ್ಲಿ ನನಗೆ ಇಷ್ಟವಾದದ್ದೇ ಇದು. ಚೆಂದದ್ದು ಯಾವುದು, ಉಪಯೋಗದ್ದು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ.

ಅಮ್ಮನಿಗೆ ಇದನ್ನು ವಿವರಿಸುವ ಕಷ್ಟ ಇರಲಿಲ್ಲ. ಅವರ ತವರು ಮಳವಳ್ಳಿ ಕಡೆ, ಶಿವನಸಮುದ್ರದ ಬ್ಲಫ್, ಅಂದರೆ ಅಲ್ಲಿಯ ಕರೆಂಟ್ ತಯಾರಿಸುವ ಜಾಗ, ನೋಡಿ ಬೆಳೆದವರು. ಮೇಲೆ ನೀರು ಕಟ್ಟಿ, ಪೈಪಲ್ಲಿ ಇಳಿಸಿ, ಕೆಳಗೆ ಮೆಷಿನ್ ತಿರುಗಿಸುವುದು ಅವರಿಗೆ ಊರಿನ ವಿಷಯ. ನೀವೇ ಲೆಕ್ಕ ಹಾಕಿ ನೋಡಿ: ಇಲ್ಲಿ ಮೊದಲ ದೀಪ ಹತ್ತಿದ್ದು 1878ರಲ್ಲಿ, 1902ಕ್ಕೆ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ಒಬ್ಬ ಶ್ರೀಮಂತನ ಚಿತ್ರಶಾಲೆಯಲ್ಲಿ ಶುರುವಾದದ್ದು ಕಾಲು ಶತಮಾನದಲ್ಲಿ ನಮ್ಮ ಕಾವೇರಿಯಲ್ಲಿ ಅಷ್ಟು ದೊಡ್ಡದಾಗಿ ನಡೆಯಿತು ಅನ್ನುವುದು ನನಗೆ ನಿಜವಾಗಿ ಹೆಮ್ಮೆಯ ಸಂಗತಿ.

ಒಂದು ಮಾತು ಹೇಳಲೇಬೇಕು. ಈ ಕಾಡಿಗೆ ಹಾಕಿದ ದುಡ್ಡೆಲ್ಲ ಕ್ರೇನಿನಿಂದ ಬಂದದ್ದಲ್ಲ. ಆರ್ಮ್‌ಸ್ಟ್ರಾಂಗ್ ತೋಪುಗಳನ್ನೂ ಯುದ್ಧದ ಹಡಗುಗಳನ್ನೂ ಮಾಡಿ ಮಾರಿದ. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯವರ ಹತ್ತಿರ ಇವನ ತೋಪುಗಳಿದ್ದವು. ಪರ್ಷಿಯಾದ ಷಾ, ಸಯಾಮಿನ ರಾಜ ಈ ಮನೆಗೆ ಅತಿಥಿಗಳಾಗಿ ಬಂದದ್ದು ಬರೀ ಹೂ ನೋಡಲು ಇರಲಿಕ್ಕಿಲ್ಲ. ಮರದ ನೆರಳಲ್ಲಿ ಕೂತಾಗಲೂ ಇದು ನನ್ನ ತಲೆಯಲ್ಲಿತ್ತು. ಅದನ್ನು ಮರೆತು ಕ್ರಾಗ್‌ಸೈಡ್ ಹೊಗಳುವುದು ನನ್ನಿಂದ ಆಗುವುದಿಲ್ಲ.

ಮನೆಯ ಎದುರು ಗುಡ್ಡದಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಕಡೆ, ಹೂದೋಟ ಇದೆ. ಅಲ್ಲಿ ಆರ್ಚರ್ಡ್ ಹೌಸ್ ಅನ್ನುವ ಗಾಜಿನ ಮನೆ ಬಿಡಬೇಡಿ. ಚಳಿ ದೇಶದಲ್ಲಿ ಹಣ್ಣು ಬೆಳೆಯಲು ದೊಡ್ಡ ಮಣ್ಣಿನ ಕುಂಡಗಳನ್ನು ತಿರುಗುವ ಪೀಠದ ಮೇಲೆ ಇಟ್ಟಿದ್ದಾರೆ, ಗಿಡದ ಎಲ್ಲ ಕಡೆಗೂ ಬಿಸಿಲು ಸಿಗಲಿ ಅಂತ.

1977ರಿಂದ ಎಸ್ಟೇಟು ಹಳೇ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಕೈಯಲ್ಲಿದೆ. 2014ರಲ್ಲಿ ಟಂಬಲ್‌ಟನ್ ಕೆರೆಯ ಹತ್ತಿರ 17 ಮೀಟರ್ ಉದ್ದದ ಆರ್ಕಿಮಿಡೀಸ್ ಸ್ಕ್ರೂ, ಅಂದರೆ ಸುರುಳಿಯಾಕಾರದ ದೊಡ್ಡ ತಿರುಪು, ಹಾಕಿದರು. ನೀರು ಅದರೊಳಗೆ ಇಳಿಯುತ್ತಾ ಸ್ಕ್ರೂ ತಿರುಗಿಸುತ್ತದೆ, ಮತ್ತೆ ಮನೆಗೆ ನೀರಿನ ಕರೆಂಟು. 2021ರ ನವೆಂಬರಿನಲ್ಲಿ ಆರ್ವೆನ್ ಬಿರುಗಾಳಿ ಬಂದಾಗ ಇಲ್ಲಿ ಲೆಕ್ಕವಿಲ್ಲದಷ್ಟು ಮರಗಳು ಬುಡಸಮೇತ ಉರುಳಿದವು. ಈ ದೇಶದಲ್ಲಿ ಅಪರೂಪವಾಗಿರುವ ಕೆಂಪು ಅಳಿಲಿಗೆ ಇಂಥ ಕಾಡೇ ಆಸರೆ, ಹಾಗಾಗಿ ಮರ ಬಿದ್ದರೆ ಅದು ಅಂದದ ನಷ್ಟ ಮಾತ್ರ ಅಲ್ಲ. ರೋಡೊಡೆಂಡ್ರಾನಿನ ಕಥೆ ಇನ್ನೊಂದು ಥರ. ಅದರಲ್ಲಿ ಪಾಂಟಿಕಮ್ ಅನ್ನುವ ಜಾತಿ ನೆಲವನ್ನೆಲ್ಲ ಮುಚ್ಚಿ ಬೇರೇನೂ ಬೆಳೆಯಲು ಬಿಡುವುದಿಲ್ಲ, ಅದನ್ನು ಕಡಿಯಲೇಬೇಕು. ಹೂ ಚೆಂದ ಇದೆಯಲ್ಲ ಅಂತ ಬೇಜಾರಾಗುತ್ತದೆ, ಆದರೂ ಕಡಿಯುವವರ ಪರವೇ ನಾನು.

ಹೋಗುವವರಿಗೆ: ಹೂ ಬೇಕಿದ್ದರೆ ಮೇ ಕೊನೆಯಿಂದ ಜೂನ್. ಮೆಟ್ಟಿಲು ಕಡಿದಾಗಿವೆ, ಜಾರುತ್ತವೆ, ಹಿಡಿತ ಇರುವ ಶೂ ಹಾಕಿಕೊಳ್ಳಿ. ಮನೆ ತೆರೆದಿರುವ ಹೊತ್ತು ಮೊದಲೇ ನೋಡಿಕೊಂಡು, ಬೆಳಿಗ್ಗೆಯನ್ನು ಪೂರ್ತಿ ಹಳ್ಳಕ್ಕೂ ಕೆರೆಗೂ ಇಟ್ಟುಕೊಂಡು, ಮಧ್ಯಾಹ್ನ ಮನೆಯೊಳಗೆ ಹೋಗಿ.