ಮರಳುಗಾಳಿ ಎಬ್ಬಿಸುವ ಟೈರಾನಿಟಾರ್

ವಿರಾಜಪೇಟೆಯಲ್ಲಿ ಕಕ್ಕಡದ ಮಳೆ ಬಿಟ್ಟೂಬಿಡದೆ ಸುರಿಯುತ್ತಿದೆ, ಅಕ್ಕನ ಮಗ ಮಾತ್ರ ಪೋಕೆಮಾನ್ ವಿಡಿಯೊ ಆಟದಲ್ಲಿ ಟೈರಾನಿಟಾರ್ ಎಂಬ, ರಾಕ್ (ಬಂಡೆ) ಮತ್ತು ಡಾರ್ಕ್ (ಕತ್ತಲೆ) ವರ್ಗಗಳೆರಡಕ್ಕೂ ಸೇರಿದ ಜೀವಿಯನ್ನು ಕಾಳಗಕ್ಕಿಳಿಸಿ ಮರಳುಗಾಳಿ ಎಬ್ಬಿಸುತ್ತಿದ್ದಾನೆ. "ಮಾವ, ಟೈರಾನಿಟಾರ್ ಮೊದಲಿನಿಂದಲೂ ಇಷ್ಟೇ ಬಲಶಾಲಿಯೇ?" ಎಂದ. ಇಂಥ ಪ್ರಶ್ನೆಗೆ ಚುಟುಕಾಗಿ ಉತ್ತರಿಸುವ ಜಾಯಮಾನ ನನ್ನದಲ್ಲ.

1999ರಲ್ಲಿ, ಎರಡನೆಯ ತಲೆಮಾರಿನ ಆಟದಲ್ಲಿ ಅದು ಬಂದಾಗ ಮೈಬಲಕ್ಕೆ ಕೊರತೆಯಿರಲಿಲ್ಲ. ಆದರೆ ಡಾರ್ಕ್ ಪೆಟ್ಟುಗಳೆಲ್ಲ ಆಗ ಮೈಬಲದ ದಾಳಿಗಲ್ಲ, ವಿಶೇಷ ದಾಳಿ ಎಂಬ ಬೇರೆ ಅಂಕದ ಲೆಕ್ಕಕ್ಕೆ ಸೇರುತ್ತಿದ್ದವು. 134ರಷ್ಟು ದಾಳಿಬಲವಿದ್ದೂ ಡಾರ್ಕ್ ಕಡಿತವಾದ ಕ್ರಂಚ್‌ಗೆ ಅದು ಒದಗುತ್ತಿರಲಿಲ್ಲ! ಮೂರನೆಯದರಲ್ಲಿ ಸ್ಯಾಂಡ್ ಸ್ಟ್ರೀಮ್ ಎಂಬ ಹುಟ್ಟುಗುಣ ದಕ್ಕಿತು: ಕಣಕ್ಕಿಳಿದರೆ ಸಾಕು, ಮರಳುಗಾಳಿ ತಾನಾಗಿ ಏಳುತ್ತಿತ್ತು, ಬೇರೆ ಹವೆ ಬಂದು ಅಳಿಸುವವರೆಗೂ ನಿಲ್ಲುತ್ತಿರಲಿಲ್ಲ. ನಾಲ್ಕನೆಯದರಲ್ಲಿ ಕ್ರಂಚ್ ಮೈಬಲದ ದಾಳಿಯ ಲೆಕ್ಕಕ್ಕೆ ಬಂತು. ಅದೇ ಗಾಳಿಯಲ್ಲಿ ರಾಕ್ ವರ್ಗದವರ ವಿಶೇಷ ರಕ್ಷಣೆ ಒಂದೂವರೆ ಪಟ್ಟಾಯಿತು. ಯಾರೇನೇ ಹೇಳಲಿ, ಅದರ ಸುವರ್ಣಕಾಲ ಅದೇ.

ಆರನೆಯದರಲ್ಲಿ ಗಾಳಿಯ ಆಯುಸ್ಸು ಐದು ಸರದಿಗೆ ಇಳಿಯಿತು (ಸ್ಮೂತ್ ರಾಕ್ ಎಂಬ ಕಲ್ಲನ್ನು ಹಿಡಿದಿದ್ದರೆ ಎಂಟು), ಜೊತೆಗೆ ಡಾರ್ಕ್ ವರ್ಗವನ್ನು ಬಗ್ಗಿಸುವ ಹೊಸ ಫೇರಿ ವರ್ಗದ ಕಾಟ. ಕಾಳಗದ ನಡುವೆ ತಾಳುವ ಮೆಗಾ ರೂಪದಲ್ಲಿ ಬಲಗಳ ಒಟ್ಟು ಅಂಕ 600ರಿಂದ 700ಕ್ಕೇರಿದ್ದು ನಿಜ. ಎಂಟನೆಯ ತಲೆಮಾರು ಅದನ್ನೂ ಕಿತ್ತುಕೊಂಡಿತು. ಫೈಟಿಂಗ್ ವರ್ಗದ ಗುದ್ದಿಗೆ ನಾಲ್ಕು ಪಟ್ಟು ನಲುಗುವ ಹಣೆಬರಹವನ್ನು ಮಾತ್ರ ಯಾವ ತಲೆಮಾರೂ ತಿದ್ದಲಿಲ್ಲ.